ಕಿತ್ತಿಟ್ಟ ಜಾಲರಿ

"ಗುರುಗಳೇ, ಈ ಬಾಯಿಯನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ?" ಎಂದು ಶಿಷ್ಯ ಮಲ್ಲಿನಾಥ ಕೇಳಿದ.

ಪ್ರಶ್ನೆಯ ಹಿಂದೆ ಏನಿದೆಯೆಂದು ಗುರುಗಳಿಗೆ ಗೊತ್ತಿತ್ತು. ತಾಯಿಯನ್ನು ಕೊನೆಗಾಲದಲ್ಲಿ ಅಣ್ಣ ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ತಂಗಿ ಹೇಳಿಕೊಂಡು ತಿರುಗುತ್ತಿದ್ದಾಳೆ ಎಂಬ ಸುದ್ದಿ ಮಲ್ಲಿನಾಥನ ಕಿವಿಗೆ ಬಿದ್ದಿತ್ತು. ತಾಯಿಯ ತಿಥಿಯ ದಿನ ಅವನು ಪಂಕ್ತಿಯ ನಡುವೆ ನಿಂತು ಅವಳಿಗೆ ಆಡಬಾರದ ಮಾತು ಆಡಿದ. ಅವಳು ಬಡಿಸಿದ ಎಲೆ ಬಿಟ್ಟು ಎದ್ದು ಹೋದಳು. ಈ ಸಲ ಗೌರಿಹಬ್ಬಕ್ಕೆ ಅವನು ಕಳುಹಿಸಿದ ಬಾಗಿನ, ಮುಚ್ಚಿದ ಮೊರ ಮುಚ್ಚಿದಂತೆಯೇ ಹಿಂದಕ್ಕೆ ಬಂದಿತ್ತು.

"ಪ್ರತಿ ಸೋಮವಾರ ಮೌನವ್ರತ ಹಿಡಿದಿದ್ದೇನೆ," ಎಂದ ಮಲ್ಲಿನಾಥ. "ಮಂಗಳವಾರ ಬೆಳಗಾದರೆ ಮತ್ತೆ ಯಾರ ಮೇಲಾದರೂ ಹರಿಹಾಯುತ್ತೇನೆ. ಒಡಹುಟ್ಟಿದವಳು ಅಂತ ಇರುವವಳು ಅವಳೊಬ್ಬಳೇ. ಅವಳನ್ನೂ ಕಳೆದುಕೊಂಡರೆ ನನ್ನವರು ಯಾರಿದ್ದಾರೆ?"

"ಮಂಗಳವಾರ ಸಿಕ್ಕವರ ಪಾಡು ಪಾಪ," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಗೃಹಸ್ಥ ಮಹಡಿಯ ಮನೆಯಲ್ಲಿದ್ದ. ಕೆಳಗಿನ ಮನೆಯಲ್ಲಿ ಹಪ್ಪಳ ಮಾಡಿ ಬದುಕುವ ಒಬ್ಬ ಹೆಂಗಸು ಇದ್ದಳು. ಗೃಹಸ್ಥನ ಹೆಂಡತಿಗೆ ಬಾಣಂತನ ಮಾಡಿದವಳು ಅವಳೇ. ಹಬ್ಬಕ್ಕೆ ಮೇಲೆ ಒಲೆ ಹಚ್ಚಿದರೆ ಕೆಳಗೂ ಒಂದು ಪಾತ್ರೆ ಇಳಿಯುತ್ತಿತ್ತು.

ಗೃಹಸ್ಥ ಒಂದು ವಾಷಿಂಗ್ ಮಷೀನ್ ತಂದ. ಆ ಊರಿನದು ಬೋರ್‌ವೆಲ್ ನೀರು. ನೀರಿನ ಜೊತೆ ಮರಳೂ ಬರುತ್ತದೆ. ಮಷೀನಿಗೆ ನೀರು ಹೋಗುವ ಬಾಯಲ್ಲಿ ಉಗುರಿನಷ್ಟು ಅಗಲದ ಒಂದು ಜಾಲರಿ ಇರುತ್ತದೆ. ಅದು ಮರಳನ್ನು ತಡೆಯುತ್ತದೆ. ಅದರ ಹಿಂದೆ ವಾಲ್ವ್ ಇರುತ್ತದೆ. ಬೇಕಾದಾಗ ನೀರು ಬಿಡುವುದು, ಸಾಕಾದಾಗ ಮುಚ್ಚಿಕೊಳ್ಳುವುದು ಅದರ ಕೆಲಸ.

ಜಾಲರಿಗೆ ಮರಳು ಕಟ್ಟಿಕೊಂಡು ನೀರು ಸಣ್ಣಗೆ ಬರತೊಡಗಿತು. ತೊಳೆದು ಹಾಕಿದ್ದರೆ ಮುಗಿಯುತ್ತಿತ್ತು. ಅಷ್ಟು ತಾಳ್ಮೆ ಅವನಿಗೆಲ್ಲಿಂದ ಬರಬೇಕು? ಇಕ್ಕಳ ಹಾಕಿ ಜಾಲರಿಯನ್ನೇ ಕಿತ್ತು ಸಾಮಾನಿನ ಡಬ್ಬಿಗೆ ಎಸೆದ. ನೀರು ಧೋ ಎಂದು ಬಂತು. ಇಷ್ಟು ಸುಲಭದ ಕೆಲಸ ಬೇರೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಹೆಮ್ಮೆಪಟ್ಟುಕೊಂಡ.

ಕೆಲವು ದಿನ ಕಳೆದ ಮೇಲೆ, ಮಷೀನು ನಿಂತಿದ್ದಾಗಲೂ ಒಳಗೆ ನೀರು ತೊಟ್ಟಿಕ್ಕತೊಡಗಿತು. ತೊಟ್ಟಿಕ್ಕಿ ತುಂಬಿತು, ತುಂಬಿ ಹೊರಚೆಲ್ಲಿತು. ಮಹಡಿಯ ನೆಲದಿಂದ ಇಳಿದು, ಕೆಳಗೆ ಚಾಪೆಯ ಮೇಲೆ ಹರಡಿದ್ದ ಹಪ್ಪಳದ ಮೇಲೆ ಬಿತ್ತು. ಗೃಹಸ್ಥ ಓಡಿ ಹೋಗಿ ಕೈಮುಗಿದ, ನೆಲ ಒರೆಸಿಕೊಟ್ಟ. ಮೇಲೆ ಬಂದು ಸ್ವಿಚ್ ಆರಿಸಿ ನೋಡಿದ, ಪ್ಲಗ್ ಕಿತ್ತು ನೋಡಿದ. ನೀರಿಗೆ ಕರೆಂಟಿನ ಹಂಗೇನು? ಅದು ತೊಟ್ಟಿಕ್ಕುತ್ತಲೇ ಇತ್ತು.

"ನಲ್ಲಿ ಮುಚ್ಚಬಹುದಿತ್ತಲ್ಲ?" ಎಂದ ಮಲ್ಲಿನಾಥ.

"ಮುಚ್ಚುತ್ತಿದ್ದ. ನೆನಪಾದ ದಿನ ಮುಚ್ಚುತ್ತಿದ್ದ, ನಿನ್ನ ಸೋಮವಾರದ ಹಾಗೆ," ಎಂದು ಗುರುಗಳು ಕತೆ ಮುಂದುವರಿಸಿದರು.

ಹಪ್ಪಳ ಮತ್ತೊಮ್ಮೆ ನೆನೆಯಿತು. ಗೃಹಸ್ಥ ಮತ್ತೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತ. ಹೆಂಗಸು ಹೇಳಿದಳು: "ನೆಲ ಒರ್ಸೋಕೆ ನಾನೇ ಸಾಕಣ್ಣ. ನೀರು ನಿಲ್ಸೋಕೆ ನೀನು ಬೇಕು."

ಆ ಮಾತು ನಾಟಿತು. ಅವನು ಹೊಸ ವಾಲ್ವ್ ಹಾಕಿಸಿದ. ಸೋರುವುದು ನಿಂತಿತು. ಆದರೆ ಹೊಸ ವಾಲ್ವಿನ ಬಾಯಲ್ಲೂ ಜಾಲರಿ ಇತ್ತು, ಊರಿನ ನೀರಲ್ಲಿ ಮರಳೂ ಇತ್ತು. ನೀರು ಮತ್ತೆ ಸಣ್ಣಗಾಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಅದನ್ನೂ ಕಿತ್ತ. ಮತ್ತೆ ಸೋರಿತು. ಈ ಸಲ ನೆನೆದದ್ದು ಒಂದು ಮದುವೆ ಮನೆಗೆ ಒಪ್ಪಿಕೊಂಡಿದ್ದ ಹಪ್ಪಳ. ಮಾತು ಕೊಟ್ಟ ಮನೆಯ ಮುಂದೆ ಅವಳು ಬರಿಗೈಯಲ್ಲಿ ಹೋಗಿ ನಿಲ್ಲಬೇಕಾಯಿತು.

ಗೃಹಸ್ಥ ಕೆಳಗಿಳಿದಾಗ ಅವಳು ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು. ಬೇರೆ ಬೀದಿಯಲ್ಲಿ ಮನೆ ನೋಡಿ ಬಂದಿದ್ದಳು. ಅವಳು ಬೈಯಲಿಲ್ಲ. ಅವನು ಕೈಮುಗಿದದ್ದನ್ನು ತಲೆಯೆತ್ತಿ ನೋಡಲೂ ಇಲ್ಲ. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನೂ ಮೇಲೆ ಬಂದು ವಾಲ್ವನ್ನು ಬೈದ, ಅದನ್ನು ಮಾಡಿದವರನ್ನು ಬೈದ. ತಾನೇ ಬಿಚ್ಚಿ ನೋಡುತ್ತೇನೆಂದು, ಸ್ಪ್ಯಾನರ್ ಹುಡುಕಲು ಸಾಮಾನಿನ ಡಬ್ಬಿಯನ್ನು ನೆಲಕ್ಕೆ ಸುರಿದ. ಮೊಳೆಗಳ ನಡುವೆ ಎರಡು ಜಾಲರಿಗಳು ಬಿದ್ದಿದ್ದವು. ಅವನು ಅವುಗಳನ್ನು ಎತ್ತಿ ಬದಿಗಿಟ್ಟ. ವಾಲ್ವ್ ಬಿಚ್ಚಿದರೆ, ಮುಚ್ಚಿಕೊಳ್ಳುವ ರಬ್ಬರಿನ ಅಡಿಯಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು. ವಾಲ್ವಿನಲ್ಲಿ ಬೇರೆ ದೋಷವಿರಲಿಲ್ಲ. ಮುಚ್ಚಿಕೊಳ್ಳಲು ಹೋದಾಗಲೆಲ್ಲ ಕಾಳು ಅಡ್ಡ ಬರುತ್ತಿತ್ತು.

ಅವನು ವಾಲ್ವನ್ನು ತೊಳೆದ. ಜಾಲರಿಯನ್ನು ತೊಳೆದು ಅದರ ಜಾಗದಲ್ಲಿ ಕೂರಿಸಿದ. ನಲ್ಲಿ ತಿರುಗಿಸಿದ. ನೀರು ಧೋ ಎನ್ನದೆ ಹದವಾಗಿ ಬಂತು. ಮಷೀನು ತುಂಬುವವರೆಗೆ ಅವನು ಪಕ್ಕದಲ್ಲಿ ಕೂತು ಕಾದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಮಲ್ಲಿನಾಥ ಮೆಲ್ಲಗೆ ಕೇಳಿದ: "ಆ ಹೆಂಗಸು ಉಳಿದಳೇ, ಹೋದಳೇ?"

"ಅದಿರಲಿ, ನಿನ್ನ ತಂಗಿ ಹಾಗೆ ಹೇಳಿದಳು ಎಂಬ ಸುದ್ದಿಯನ್ನು ನೀನು ಯಾವ ಜಾಲರಿಯಲ್ಲಿ ಸೋಸಿ ಒಳಗೆ ಬಿಟ್ಟುಕೊಂಡೆ?" ಎಂದರು ಗುರುಗಳು.

ಆ ಸುದ್ದಿ ತಂದವರು ಯಾರೆಂದು ಮಲ್ಲಿನಾಥ ನೆನಪಿಸಿಕೊಳ್ಳತೊಡಗಿದ.