ಶಹನಾಯಿಯವನ ಹಲ್ಲು

"ಗುರುಗಳೇ, ಯಾರಿಗೂ ಕೆಡುಕು ಮಾಡದ ಒಂದು ಸುಳ್ಳನ್ನು ಹಾಗೇ ಇರಲು ಬಿಡಬಹುದೇ?" ಎಂದು ಶಿಷ್ಯ ಗುರುಸಂಗ ಕೇಳಿದ.

ಅವನನ್ನು ಓದಿಸುತ್ತಿದ್ದವನು ಅವನ ಅಣ್ಣ. ಸಂಸ್ಕೃತ ಪರೀಕ್ಷೆಯಲ್ಲಿ ನಪಾಸಾದ ಗುರುಸಂಗ, ಪಾಸಾದೆನೆಂದು ಅಣ್ಣನಿಗೆ ಹೇಳಿದ್ದ. ಅಣ್ಣ ನಾಳಿದ್ದು ಮಠಕ್ಕೆ ಬರುವವನಿದ್ದ.

"ನಿಜ ಹೇಳಿದರೆ ಅವನು ನನ್ನ ಮುಖ ನೋಡುವುದಿಲ್ಲ. ಈಗ ನಮ್ಮಿಬ್ಬರನ್ನು ಕೂಡಿಸಿಟ್ಟಿರುವುದೇ ಆ ಸುಳ್ಳು" ಎಂದ. ಅವನ ಕಣ್ಣು ತುಂಬಿತ್ತು.

"ಭಲೇ! ಸುಳ್ಳಿಗೂ ಒಂದು ಕೆಲಸ ಕೊಟ್ಟೆಯಲ್ಲ ಮಹಾರಾಯ. ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಶಹನಾಯಿಯವನಿದ್ದ. ಮದುವೆಗಳಲ್ಲಿ ನುಡಿಸುತ್ತಿದ್ದ. ಅದೇ ಅವನ ಅನ್ನ, ಅದೇ ಅವನ ಪೂಜೆ. ನುಡಿಸುವ ದಿನ ಹಲ್ಲುಜ್ಜಿದರೆ ತುಟಿ ಒರಟಾಗುತ್ತದೆ, ಸ್ವರ ಕೆಡುತ್ತದೆ ಎಂದು ಅವನು ನಂಬಿದ್ದ. ಆ ದಿನ ಬಾಯಿ ಮುಕ್ಕಳಿಸಿ ಸುಮ್ಮನಾಗುತ್ತಿದ್ದ. ಲಗ್ನದ ಕಾಲದಲ್ಲಿ ನುಡಿಸದ ದಿನ ಯಾವುದಿದೆ ಹೇಳು? ಕೆಳಗಿನ ಹಲ್ಲುಗಳ ಒಳಗಡೆ ಪಾಚಿ ಕಟ್ಟಿತು. ಆಮೇಲೆ ಅದು ಗಾರೆಯಂತೆ ಗಟ್ಟಿಯಾಯಿತು. ಒಂದು ದಿನ ಶಹನಾಯಿಯ ತುದಿಯಲ್ಲಿ ಬಾಯಿಗಿಡುವ ಪೀಪಿಗೆ ರಕ್ತ ಹತ್ತಿತು. ಹೆದರಿ ಹಲ್ಲಿನ ವೈದ್ಯೆಯ ಬಳಿ ಹೋದ.

ವೈದ್ಯೆ ಕನ್ನಡಿ ಹಿಡಿದು ತೋರಿಸಿದಳು. "ಇದು ಕಣ್ಣಿಗೆ ಕಾಣದ ಜೀವಿಗಳ ಗೂಡು. ಮೊದಲು ಬಂದವು ಹಲ್ಲಿನ ಮೇಲಿರುವ ಜೊಲ್ಲಿನ ಪೊರೆಗೆ ಅಂಟುತ್ತವೆ. ಆಮೇಲೆ ಬರುವ ಎಷ್ಟೋ ಜಾತಿಗಳಿಗೆ ಹಲ್ಲನ್ನು ಹಿಡಿಯಲು ಬರುವುದಿಲ್ಲ. ಅವು ಮೊದಲು ಬಂದವನ್ನೇ ಹಿಡಿದು ನಿಲ್ಲುತ್ತವೆ. ಅಂದಂದೇ ಉಜ್ಜಿದ್ದರೆ ಹೋಗುತ್ತಿತ್ತು. ಈಗ ಕೆರೆದೇ ತೆಗೆಯಬೇಕು."

ಅವನು ನಾಲಿಗೆಯಿಂದ ಮುಟ್ಟಿ ನೋಡಿದ. ಗಟ್ಟಿಯಾಗಿತ್ತು.

"ಬೇಡಮ್ಮ, ನಿಮಗೆ ಕೈ ಮುಗಿಯುತ್ತೇನೆ. ನನ್ನ ಹಲ್ಲನ್ನು ಹಿಡಿದಿರುವುದೇ ಈ ಗಾರೆ. ಇದನ್ನು ತೆಗೆದರೆ ಹಲ್ಲು ಅಲ್ಲಾಡುತ್ತವೆ. ಹಲ್ಲು ಹೋದರೆ ನನ್ನ ಶಹನಾಯಿ ಹೋದಂತೆ" ಎಂದ.

"ಇದು ಹಿಡಿದಿಲ್ಲಪ್ಪ, ಬುಡ ಸಡಿಲಿಸುತ್ತಿದೆ. ಇವತ್ತು ತೆಗೆದರೆ ಸ್ವಲ್ಪ ನೋವು, ಅಷ್ಟೇ. ಹಲ್ಲು ಉಳಿಯುತ್ತವೆ" ಎಂದಳು ವೈದ್ಯೆ.

ಅವನು ಎದ್ದು ಮನೆಗೆ ಹೋದ. ಪುಣ್ಯಾತ್ಮ, ಆಮೇಲೂ ಕೆಲವು ವರ್ಷ ನುಡಿಸಿದ. ದಿನಕ್ಕೊಮ್ಮೆ ಆ ಗಾರೆಯನ್ನು ನಾಲಿಗೆಯಿಂದ ಮುಟ್ಟಿ, ಇದೆ ಎಂದು ಸಮಾಧಾನ ಪಡುತ್ತಿದ್ದ.

ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವನ ಸ್ವರ ಒಡೆಯಿತು. ಶಹನಾಯಿ ಇಳಿಸಿ ಬಾಯಿಗೆ ಕೈ ಹಾಕಿದ. ಮೂರು ಹಲ್ಲು ಒಂದೇ ಗಂಟಾಗಿ ಅಂಗೈಗೆ ಬಂದವು. ಗಾರೆ ಹಲ್ಲುಗಳನ್ನು ಬಿಟ್ಟಿರಲಿಲ್ಲ. ದವಡೆಯೇ ಅವುಗಳನ್ನು ಬಿಟ್ಟಿತ್ತು. ಅವನು ಮತ್ತೆ ನುಡಿಸಲಿಲ್ಲ.

ಗುರುಗಳು ನಿಲ್ಲಿಸಿದರು. ಗುರುಸಂಗ ಕಣ್ಣೊರೆಸಿಕೊಂಡ. ಮತ್ತೆ, "ಪಾಪ, ಅವನದು ಎಷ್ಟೋ ವರ್ಷದ ಕೊಳೆ. ನಾನು ಹೇಳಿದ್ದು ಒಂದೇ ಒಂದು ಸುಳ್ಳು, ಗುರುಗಳೇ" ಎಂದ.

ಗುರುಗಳು ಕೇಳಿದರು: "ಎಷ್ಟು ಅಂಕ ಬಂತು ಎಂದು ಹೇಳಿದ್ದೀಯಪ್ಪ ಅಣ್ಣನಿಗೆ?"

"ಎಪ್ಪತ್ತೆರಡು ಎಂದೆ. ಅದು ಎರಡನೆಯ ಸುಳ್ಳು, ಗುರುಗಳೇ" ಎಂದ ಗುರುಸಂಗ.