ಫ್ರೀಜರಿನ ಬಾಗಿಲೂ ಪೈಲ್ವಾನನೂ

ಹೊಳೆದಂಡೆಯ ಆಶ್ರಮವೊಂದರಲ್ಲಿ ಶರಣಮ್ಮ ಎಂಬ ವೃದ್ಧ ಗುರು ಇದ್ದರು. ಎಲ್ಲರಿಗೂ ಅವರು ಅವ್ವಾರು.

ಭಕ್ತರೊಬ್ಬರು ಆಶ್ರಮಕ್ಕೆ ಮನೆಯಂಥ ವ್ಯಾನು ಕೊಟ್ಟಿದ್ದರು. ಒಳಗೆ ಹಾಸಿಗೆ, ಒಲೆ, ಪುಟ್ಟದೊಂದು ಫ್ರೀಜರ್. ಬೇಸಿಗೆ ಬಂತೆಂದರೆ ಅವ್ವಾರು ಅದರಲ್ಲಿ ಮೆಣಸಿನಕಾಯಿ ಒಣಗಿಸುವ ಕಣಗಳಿಗೆ ಹೋಗಿ, ಬಿಸಿಲಲ್ಲಿ ದುಡಿಯುವವರಿಗೆ ತಣ್ಣನೆ ಮಜ್ಜಿಗೆ ಕೊಡುತ್ತಿದ್ದರು.

ವ್ಯಾನು ಓಡಿಸುವವನು ಶಿಷ್ಯ ತೋಂಟೇಶ. ಗರಡಿ ಬಿಟ್ಟು ಆಶ್ರಮ ಸೇರಿದ ಪೈಲ್ವಾನ. ಕೆಸರಲ್ಲಿ ಹೂತ ಎತ್ತಿನ ಗಾಡಿಯನ್ನು ಒಬ್ಬನೇ ಮೇಲೆತ್ತಿದವನು.

ಆ ಫ್ರೀಜರಿನ ಬಾಗಿಲು ಮಾತ್ರ ಎಷ್ಟೋ ಸಲ ಅವನಿಗೂ ಬಗ್ಗುತ್ತಿರಲಿಲ್ಲ.

"ಭಾಳ ಹಟಮಾರಿ ಬಾಗಿಲಾ ಐತ್ರಿ, ಅವ್ವಾರ."

"ಹಟ ಅದಕ್ಕೈತೋ, ನಿನಗೈತೋ?"

ತೋಂಟೇಶ ನಕ್ಕು ಮತ್ತೆ ಎಳೆದ.

ಒಂದು ಮಧ್ಯಾಹ್ನ ಕಣದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸೊಬ್ಬಳು ಬಿಸಿಲಿಗೆ ತಲೆಸುತ್ತಿ ಬಿದ್ದಳು.

"ಐಸ್ ತಾ!" ಅವ್ವಾರು ಕೂಗಿದರು.

ಮಜ್ಜಿಗೆಗೆಂದು ತೋಂಟೇಶ ಆಗಷ್ಟೇ ಫ್ರೀಜರ್ ತೆಗೆದು, ಧಡ್ಡನೆ ಮುಚ್ಚಿದ್ದ. ಓಡಿ ಹೋಗಿ ಎಳೆದ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದ. ವ್ಯಾನು ಅಲ್ಲಾಡಿತು, ಮಜ್ಜಿಗೆಯ ಕೊಡ ಉರುಳಿತು, ಹಿಡಿಕೆ ಮುರಿದು ಕೈಗೆ ಬಂತು.

ಬಾಗಿಲು ಹಾಗೇ ಇತ್ತು.

ಅವ್ವಾರು ತಮ್ಮ ಸೆರಗನ್ನೇ ಕುಡಿಯುವ ನೀರಲ್ಲಿ ಅದ್ದಿ ಆಕೆಯ ಹಣೆ, ಕುತ್ತಿಗೆ ಒರೆಸಿದರು. ಹೆಂಗಸರು ಮೊರದಿಂದ ಗಾಳಿ ಹಾಕಿದರು. ಬಹಳ ಹೊತ್ತಿಗೆ ಆಕೆ ಕಣ್ಣು ಬಿಟ್ಟಳು. ಮನೆಯವರು ಟೆಂಪೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು.

ತೋಂಟೇಶ ಮುರಿದ ಹಿಡಿಕೆ ಹಿಡಿದು ನಿಂತೇ ಇದ್ದ. ಇಷ್ಟು ದೊಡ್ಡ ತೋಳು ಇದ್ದೂ ಒಂದು ತುಂಡು ಐಸ್ ತರಲಾಗಲಿಲ್ಲವಲ್ಲ ಎಂದು ಅದನ್ನೇ ದಿಟ್ಟಿಸಿದ.

"ಪ್ಯಾಟಿಯಿಂದ ರಿಪೇರಿಯವನ್ನ ಕರಸ್ಲೇನ್ರಿ?"

"ಕರಸು. ಅವ ಬರೂತನಕ ಬಾಗಿಲದ ಮುಂದ ಕುಂದ್ರು. ಜಗ್ಗಬ್ಯಾಡ."

"ಕುಂತು ಏನ್ ಮಾಡ್ಲಿ?"

"ಅಖಾಡದಾಗ ಹೊಸಾ ಪೈಲ್ವಾನ ಎದುರು ನಿಂತರ ಮೊದಲ ಏನ್ ಮಾಡ್ತಿದ್ದಿ?"

"ಅವನ್ನ ನೋಡ್ತಿದ್ದೆ."

"ಹಂಗ ನೋಡು."

ಮರುದಿನ ಬೆಳಗಿನಿಂದ ತೋಂಟೇಶ ಫ್ರೀಜರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಬೇಸರವಾಗಿ ಬಾಗಿಲಿನ ಅಂಚಿಗೆ ಬೆರಳು ಕೊಟ್ಟು ಮೆಲ್ಲನೆ ಎಬ್ಬಿಸಿದ. ತುಸು ಅಂಟಿಕೊಂಡಂತಿತ್ತು, ಆದರೂ ತೆರೆಯಿತು!

ಮುಚ್ಚಿದ. ಕೂಡಲೇ ಎಳೆದ. ಮೊಳೆ ಹೊಡೆದ ಹಾಗೆ ಗಟ್ಟಿ.

ಕಿವಿ ಇಟ್ಟು ಕೇಳಿದ. ರಬ್ಬರಿನ ಅಂಚಿನಿಂದ ಸುಂಯ್ ಎಂದು ಸಣ್ಣ ಸದ್ದು. ಸದ್ದು ನಿಂತ ಮೇಲೆ ಮತ್ತೆ ಮೆಲ್ಲನೆ ಎಬ್ಬಿಸಿದ. ತೆರೆಯಿತು.

ಹತ್ತು ಸಲ ಹಾಗೇ ಮಾಡಿದ ಮೇಲೆ ಅವನಿಗೆ ಹೊಳೆಯಿತು. ತೆರೆದಾಗ ಒಳಹೋದ ಬಿಸಿ ಗಾಳಿ, ಮುಚ್ಚಿದೊಡನೆ ತಣಿದು ಕುಗ್ಗುತ್ತದೆ. ಹೊರಗಿನ ಗಾಳಿ ಬಾಗಿಲನ್ನು ಒತ್ತಿ ಹಿಡಿಯುತ್ತದೆ. ಒಂದಿಷ್ಟು ಗಾಳಿ ಒಳಗೆ ನುಸುಳಿದರೆ ಹಿಡಿತ ಸಡಿಲ. ಸಾಲದ್ದಕ್ಕೆ ರಬ್ಬರಿಗೆ ಹಳೆಯ ಮಜ್ಜಿಗೆ ಮೆತ್ತಿ ಹೆಪ್ಪುಗಟ್ಟಿತ್ತು.

ತಾನು ಇಷ್ಟು ದಿನ ಎಳೆದದ್ದು ಬಾಗಿಲಿನ ನಟ್ಟನಡುವೆ, ಗಾಳಿ ನುಸುಳಲು ಸಂದೇ ಸಿಗದಂತೆ.

ರಿಪೇರಿಯವನಿಗೆ ಬರುವುದು ಬೇಡವೆಂದು ಫೋನು ಮಾಡಿದ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ರಬ್ಬರನ್ನು ಸುತ್ತಲೂ ಒರೆಸಿದ, ಒಣಗಿಸಿದ, ಪೌಡರು ಸವರಿದ. ತನ್ನ ಹಳೆಯ ಬೆಲ್ಟನ್ನು ಕತ್ತರಿಸಿ, ಬಾಗಿಲಿನ ಕೆಳಮೂಲೆಗೆ ಪಟ್ಟಿಯಾಗಿ ಬಿಗಿದ.

ಮುಚ್ಚಿ, ಆ ಕ್ಷಣವೇ ಪಟ್ಟಿಯನ್ನು ಕಿರುಬೆರಳಿಂದ ಎಳೆದ. ಮೂಲೆ ಎದ್ದಿತು, ಗಾಳಿ ಹೊಕ್ಕಿತು, ಬಾಗಿಲು ಹಿಂದೆಯೇ ಬಂತು.

ತೋಂಟೇಶ ಒಬ್ಬನೇ ತೊಡೆ ತಟ್ಟಿದ.

ಎರಡು ದಿನದ ನಂತರ ಮತ್ತೆ ಅದೇ ಕಣಕ್ಕೆ ಹೋದರು. ಮೆಣಸಿನಕಾಯಿಯ ಖಾರಕ್ಕೆ ಅಂಗೈ ಉರಿಯುತ್ತಿದೆಯೆಂದು ಮುದುಕಿಯೊಬ್ಬಳು ಬಂದಳು. ಫ್ರೀಜರನ್ನು ಆಗಷ್ಟೇ ಮುಚ್ಚಿದ್ದರು. ತೋಂಟೇಶ ಒಂದೇ ಬೆರಳಲ್ಲಿ ತೆರೆದು, ಐಸನ್ನು ಬಟ್ಟೆಯಲ್ಲಿ ಸುತ್ತಿ ಆಕೆಯ ಕೈಗಿಟ್ಟ.

"ಅವತ್ತು ವ್ಯಾನ್ ಕಿತ್ತು ಬರೂಹಂಗ ಜಗ್ಗಿದ್ಯಲ್ಲೋ, ಇವತ್ತ ಹ್ಯಾಂಗ ಬಂತು?" ಕಣದ ಹೆಂಗಸರು ಕೇಳಿದರು. ಅವನು ಮತ್ತೆ ಮುಚ್ಚಿ, ಮತ್ತೆ ತೆರೆದು ತೋರಿಸಿದ. ಅವರು ಚಪ್ಪಾಳೆ ತಟ್ಟಿದರು. ಯಾವ ಕುಸ್ತಿ ಗೆದ್ದಾಗಲೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ.

ಅಷ್ಟರಲ್ಲಿ ಹಿಂದೆ ನಿಂತ ಅವ್ವಾರು ಕಂಡರು. ಆಶ್ರಮದವನಿಗೆ ಇಷ್ಟು ಹೆಮ್ಮೆ ಸಲ್ಲದೆಂದು ನಾಚಿ ತೋಂಟೇಶ ತಲೆ ತಗ್ಗಿಸಿದ.

"ನನ್ನದೇನೈತ್ರಿ ಅವ್ವಾರ. ಎಲ್ಲಾ ನಿಮ್ಮ ಕೃಪಾ."

"ಸುಳ್ಳು ಹೇಳಬ್ಯಾಡ."

ಅವನು ಬೆಚ್ಚಿದ.

"ಎರಡು ವರ್ಷ ನಾನೂ ಎರಡೂ ಕೈಲೆ ಜಗ್ಗೀನಿ. ನನಗ ಗೊತ್ತಿದ್ರ ಜಗ್ಗತಿದ್ನೇನು? ಕಂಡುಹಿಡದಾವ ನೀನು."

ತೋಂಟೇಶನ ತಗ್ಗಿಸಿದ್ದ ತಲೆ ತಾನಾಗಿಯೇ ಮೇಲೆದ್ದಿತು.

ಅವ್ವಾರು ಸೆರಗು ಸಿಕ್ಕಿಸಿಕೊಂಡು ಫ್ರೀಜರಿನ ಮುಂದೆ ಬಂದು ನಿಂತರು.

"ಸರಿ ಅತ್ಲಾಗ. ಹ್ಯಾಂಗ ತೆಗೀಬೇಕು, ನನಗೂ ಕಲಸು."