ಶ್ರುತಿ ಮಾಡದ ಗವಾಯಿ

“ಅಜ್ಜಾರ, ನಾ ಎದುರಿಗಿದ್ರ ಹುಡುಗ್ರು ಓದ್ತಾರ, ಎದ್ದು ಹೋದ್ರ ಪುಸ್ತಕ ಮುಚ್ಚತಾರ. ಕಲಿಯೋ ಮನಸ್ಸು ಅವರೊಳಗ ಹೆಂಗ ಹುಟ್ಟಬೇಕು?”

ಕೇಳಿದವನು ಮಠದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯ ಗುರುಪಾದಯ್ಯ. ಬೆಲ್ಲ ಕೊಟ್ಟು ನೋಡಿದ್ದ, ಬೆತ್ತ ತೋರಿಸಿ ನೋಡಿದ್ದ. ಎರಡೂ ಸಂಜೆಯವರೆಗೆ ಬಾಳಲಿಲ್ಲ. ಹುಡುಗ ಸ್ವಲ್ಪ ತಡವರಿಸಿದರೂ ಉತ್ತರವನ್ನು ತಾನೇ ಹೇಳಿಬಿಡುವಷ್ಟು ಅಕ್ಕರೆ ಅವನಿಗೆ. ಈಗ ಸೋತಿದ್ದ. ಈ ಕೆಲಸ ತನಗೆ ಒಲಿಯಲಿಲ್ಲವೇನೋ ಎಂಬ ಅಳುಕು ಅವನನ್ನು ತಿನ್ನುತ್ತಿತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರ ಕೋಣೆಗೂ ಶಾಲೆಗೂ ನಡುವೆ ಒಂದೇ ಗೋಡೆ. ಅವರಿಗೆ ಎಲ್ಲವೂ ಗೊತ್ತಿತ್ತು. ಕತೆ ಹೇಳತೊಡಗಿದರು.

ಒಬ್ಬ ಗವಾಯಿ ಇದ್ದ. ವಯಸ್ಸಾಗಿತ್ತು. ತನ್ನ ವಿದ್ಯೆ ತನ್ನ ಜೊತೆಗೇ ಮಣ್ಣಾಗಬಾರದೆಂಬುದೊಂದೇ ಅವನ ಚಿಂತೆ. ಕಲಿಯಲು ಬರುತ್ತಿದ್ದವಳು ಒಬ್ಬಳೇ ಹುಡುಗಿ. ಕಂಠ ದೇವರು ಕೊಟ್ಟದ್ದು. ಅವಳು ಬರುವಷ್ಟರಲ್ಲಿ ಗವಾಯಿ ಬಿರಡೆ ತಿರುಗಿಸಿ, ನಾಲ್ಕೂ ತಂತಿ ಶ್ರುತಿ ಮಾಡಿ, ತಂಬೂರಿಯನ್ನು ಸಿದ್ಧವಾಗಿ ಅವಳ ಕೈಗೆ ಕೊಡುತ್ತಿದ್ದ. ಅವನೆದುರು ಅವಳು ಚೆನ್ನಾಗಿಯೇ ಹಾಡುತ್ತಿದ್ದಳು.

ಒಮ್ಮೆ ಅವಳ ಮನೆಗೆ ಹೋದ. ಮೂಲೆಗೊರಗಿಸಿದ್ದ ಅವಳ ತಂಬೂರಿಗೆ ಜೇಡ ಬಲೆ ಕಟ್ಟಿತ್ತು.

“ಯಾಕವ್ವಾ, ಮನ್ಯಾಗ ಹಾಡಾಂಗಿಲ್ಲೇನು?”

“ಶ್ರುತಿ ಮಾಡಿಕೊಡಾಕ ಇಲ್ಲಿ ನೀವಿರೂದಿಲ್ಲಲ್ರೀ.”

ಅಷ್ಟರಲ್ಲಿ ಗವಾಯಿಯ ಕೈ ರೂಢಿಯಂತೆ ಬಿರಡೆಗೆ ಹೋಗಿತ್ತು. ಮಾತು ಕೇಳಿ ಅಲ್ಲೇ ನಿಂತಿತು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು? ಅವಳ ಕಿವಿಯ ಕೆಲಸವನ್ನೆಲ್ಲ ತಾನೇ ಮಾಡಿದ್ದೆನೆಂದು ಹೊಳೆದು ನಾಚಿದ.

ಮರುದಿನ ತಂಬೂರಿಯನ್ನು ಶ್ರುತಿ ಮಾಡದೆ ಕೊಟ್ಟ. ಹುಡುಗಿ ಹಾಗೇ ಮೀಟಿದಳು, ಹಾಗೇ ಹಾಡಿದಳು. ಅವನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಯಿತು. ಕೈ ತಾನಾಗಿ ಮುಂದೆ ಹೋಯಿತು. ಒಳಗಿನಿಂದ ನೋಡುತ್ತಿದ್ದ ಹೆಂಡತಿ ಒಂದು ಮೊರ ತೊಗರಿಕಾಯಿ ತಂದು ಅವನ ಮುಂದಿಟ್ಟಳು.

“ಕೈ ಸುಮ್ನ ಕೂಡವಲ್ದಂದ್ರ ಇವನ್ನರ ಬಿಡಸ್ರಿ.”

ಗವಾಯಿ ಬಿಡಿಸಿದ. ಅವಳು ಬೇಸುರಾಗಿ ಹಾಡಿದಷ್ಟು ದಿನವೂ ಬಿಡಿಸಿದ. ಮನೆಯಲ್ಲಿ ದಿನವೂ ತೊಗರಿಕಾಳಿನ ಪಲ್ಯವೇ ಆಯಿತು. ಪಾಠ ಮುಗಿದ ಮೇಲೆ ತನ್ನ ತಂಬೂರಿಯನ್ನು ಶ್ರುತಿ ಮಾಡಿಕೊಂಡು ತನ್ನ ಪಾಡಿಗೆ ಹಾಡುತ್ತಿದ್ದ. ಹುಡುಗಿ ಕಂಬಕ್ಕೊರಗಿ ಕೇಳುತ್ತಿದ್ದಳು.

ಒಂದು ದಿನ ಅವಳು ಹಾಡನ್ನು ನಡುವೆಯೇ ನಿಲ್ಲಿಸಿದಳು.

“ಗುರುಗಳ, ಈ ಎರಡು ತಂತಿ ಜಗಳಾಡಾಕತ್ತಾವ್ರಿ.”

ಗವಾಯಿಗೆ ಎದೆ ತುಂಬಿ ಬಂತು. ಆದರೂ ಮೊರದಿಂದ ತಲೆ ಎತ್ತಲಿಲ್ಲ. “ಹೌದಾ? ತಪ್ಪು ಯಾವುದರದವ್ವಾ?”

ಹುಡುಗಿ ಬಿರಡೆ ತಿರುಗಿಸಿದಳು. ತಂತಿ ಹರಿಯಿತು. ಅವನು ಬೈಯಲಿಲ್ಲ. ಹೊಸ ತಂತಿ ಕೊಟ್ಟು ಮತ್ತೆ ತೊಗರಿಗೆ ಕೈ ಹಚ್ಚಿದ. ಅಂದು ಅವಳು ಮನೆಗೆ ಹೋದವಳೇ ತನ್ನ ತಂಬೂರಿಯ ಜೇಡರಬಲೆ ತೆಗೆದಳು. ಯಾರೂ ಹೇಳಿರಲಿಲ್ಲ. ತಾಯಿಗೆ ಊಟಕ್ಕೆ ಕರೆದು ಕರೆದು ಸಾಕಾಯಿತು.

ಮುಂದೊಂದು ಬೆಳಿಗ್ಗೆ ಗವಾಯಿ ಹೊಳೆಯಿಂದ ಬರುವಾಗ ಅವನ ಮನೆಯೊಳಗಿಂದ ತಂಬೂರಿಯ ನಾದ ಕೇಳಿಸಿತು. ನಾಲ್ಕೂ ತಂತಿ ಒಂದಾಗಿದ್ದವು. ಹುಡುಗಿ ಅವನಿಗಿಂತ ಮೊದಲೇ ಬಂದು ಕೂತಿದ್ದಳು. ಅವನು ಒಳಗೆ ಹೋಗಲಿಲ್ಲ. ಒದ್ದೆ ಧೋತರದಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡ.

ಕತೆ ಅಲ್ಲಿಗೆ ನಿಂತಿತು. “ದೊಡ್ಡ ಹಾಡುಗಾರರು ಭಾಳ ಮಂದಿ ಆಗಿಹೋದರು. ಆ ಮೊರದ ಮುಂದ ಕೂತ ಗವಾಯಿಗೆ ನಾ ಕೈ ಮುಗಿತೀನಿ” ಎಂದು ಅಜ್ಜನವರು ನಿಜವಾಗಿಯೂ ಕೈ ಮುಗಿದರು.

ಗುರುಪಾದಯ್ಯನಿಗೆ ಸಮಾಧಾನವಾಗಲಿಲ್ಲ. “ಆಕಿಗೆ ಕಿವಿ ಇತ್ರಿ ಅಜ್ಜಾರ. ನಮ್ಮ ಹುಡುಗ್ರಿಗೆ ತಮ್ಮ ತಪ್ಪು ತಮಗ ಕೇಳಸೂದ ಇಲ್ಲ.”

“ಗ್ವಾಡಿ ಈಚಿಗೆ ನನಗೂ ನಿನ್ನ ದನಿ ಒಂದ ಕೇಳಸ್ತದಲ್ಲೋ ತಮ್ಮಾ” ಎಂದರು ಅಜ್ಜನವರು.